ರಬ್ಬರ್ ಕೈಗೆ ನೋವಿಲ್ಲ

ಮೊನ್ನೆ ಮಂಗಳವಾರ ಒಬ್ಬಾಕಿ ತಾಯಿ ತನ್ನ ಮಗಳನ್ನ ಕರಕೊಂಡು ನನ್ನ ಕ್ಲಾಸಿಗೆ ಬಂದಿದ್ಲು. ನಾರಾಯಣಗೂಡದಾಗ ಕೋಚಿಂಗ್ ಸೆಂಟರ್‌ಗಳ ಬೋರ್ಡಿನ ನಡುವ ನಂದೂ ಒಂದು ಸಣ್ಣ ಬೋರ್ಡ್ ಐತಿ, ಉಗುರಿನ ಕೆಲಸ ಕಲಸತೀವಿ ಅಂತ. ಕೆಳಗಿನ ಮಾಳಗ್ಯಾಗ ಡಾಕ್ಟರ್, ಎಂಜಿನಿಯರ್ ಆಗೋರು. ಮ್ಯಾಲ ನಾವು ಉಗುರಿನವರು. ಬಂದಾಕಿ ರಾಯಚೂರ ಕಡೆಯಾಕಿ, ಈಗ ಕೊಂಡಾಪುರದಾಗ ಮನಿ. ನನ್ನ ಮಾತು ಕೇಳಿ, ಅಯ್ಯ ನಮ್ಮ ಕಡೆಯವರ ಅದೀರಿ ಅಂತ ಜರಾ ಸಡಲಾಗಿ ಕುಂತು ಕೇಳಿದ್ಲು:

"ಮೇಡಂ, ಮನ್ಯಾಗ ಕುಂತು ಫೋನಿನ್ಯಾಗ ಕಲಿಯೋದು ಇಲ್ಲೇನ್ರಿ? ದಿನಾ ಇಷ್ಟು ದೂರ ಬರೋದು ಆಗಂಗಿಲ್ಲ. ಮನ್ಯಾಗ ಒಪ್ಪಂಗಿಲ್ಲರಿ."

ಈ ಪ್ರಶ್ನೆ ವಾರಕ್ಕ ನಾಕು ಮಂದಿ ಕೇಳತಾರ. ಕ್ಲಾಸಿಗೇ ಬರ್ರಿ ಅಂದ್ರ ಫೀ ಸಲುವಾಗಿ ಹೇಳತಾಳ ಅನ್ಕೋತಾರ. ಅನ್ಕೊಳ್ಳಲಿ. ನನಗೇನು ಅವರ ಮುಂದ ನಾಟಕ ಆಡೋದೈತಿ? ಆದ್ರ ಅವತ್ತು ನಾ ಉತ್ತರಾ ಹೇಳೂದ್ರಾಗ ಹಿಂದಿನ ಟೇಬಲ್ ಮ್ಯಾಲ ಒಬ್ಬ ಹುಡುಗಿ ಅಕ್ರಿಲಿಕ್ ಉಗುರು ಕಟ್ಟೋ ಲಿಕ್ವಿಡ್ ಬಾಟ್ಲಿ ಬಿಚ್ಚಿದ್ಲು. ಆ ವಾಸನಿ ಗೊತ್ತಿದ್ದವರಿಗೆ ಗೊತ್ತು, ಮೂಗಿಗೆ ಬರಂಗಿಲ್ಲ ಅದು, ಸೀದಾ ಹಣಿಗೆ ಹೊಡೀತೈತಿ. ಅದ ಹೊತ್ತಿಗೆ ನನ್ನ ಕಣ್ಣು ಆಕಿ ಮಗಳ ಮ್ಯಾಲ ಬಿತ್ತು. ಹುಡುಗಿ ಬಂದಾಗಿಂದ ಬಲಗೈ ದುಪಟ್ಟಾದ ಒಳಗ ಇಟಗೊಂಡಿದ್ಲು.

ಕಿಟಕಿ ಹತ್ರದ ಕುರ್ಚಿ ಮ್ಯಾಲ ನಮ್ಮವ್ವ ಕುಂತಿದ್ಲು. ಅವ್ವನೂ ನೋಡಿದ್ಲು.

ಏಳೆಂಟು ವರ್ಷದ ಹಿಂದಿನ ಮಾತು. ಯುಗಾದಿಗೆ ಸುರು ಆಗಿ ಸಂಕ್ರಾಂತಿಗೆ ಮುಗಿದ ಒಂದು ವರ್ಷ. ನೆನಪ ಮಾಡಕೊಳ್ಳಬಾರದು ಅನ್ಕೊಂಡ್ರೂ ಆ ಬಾಟ್ಲಿ ಬಿಚ್ಚಿದ್ರ ಮುಗೀತು, ಒಳಗಿಂದ ಎಲ್ಲಾ ಎದ್ದು ಬರತೈತಿ.

ನಾವು ಕಲಬುರ್ಗಿ ಕಡೆಯವರು. ನಮ್ಮಪ್ಪ ಈ ತೆಲುಗು ಊರಿಗೆ ಒಂದು ಸರ್ಕಾರಿ ಕಾರ್ಖಾನಿ ಕೆಲಸಕ್ಕ ಅಂತ ಬಂದು ನಾಚಾರಂದಾಗ ಮನಿ ಹಿಡಿದವ, ರಿಟೈರ್ ಆಗೂ ಮೊದಲ ಎದಿ ಹಿಡಕೊಂಡು ಹೋಗಿಬಿಟ್ಟ. ಉಳದವರು ಮೂರು ಮಂದಿ: ಅವ್ವ, ನಾನು, ನಮ್ಮಣ್ಣ ಬಸವರಾಜ. ಅಣ್ಣ ಅಲ್ಲೇ ಹತ್ರದ ಒಂದು ಶೆಡ್ಡಿನ್ಯಾಗ ಪ್ರೆಸ್ ಮಷೀನ್ ಮ್ಯಾಲ ಇದ್ದ, ಡಬ್ಬಿ ಮುಚ್ಚಳ ಹೊಡ್ಯೋ ಕೆಲಸ. ಖರೇ ಹೇಳತೀನಿ, ಅಂಥಾ ಅಣ್ಣ ಯಾರಿಗೂ ಇರಲಿಲ್ಲ. ಪಂಚಮಿ ಬಂತಂದ್ರ ನಮ್ಮ ಬಾಡಿಗಿ ಮನಿ ಪಡಸಾಲ್ಯಾಗಿನ ಕಬ್ಬಿಣದ ತೊಲಿಗೆ ಹಗ್ಗ ಕಟ್ಟಿ ಜೋಕಾಲಿ ಆಡಸತಿದ್ದ. ಮಾಲಕ ಬೈದ್ರ, "ನಮ್ಮ ಗಂಗಿ ಜೋಕಾಲಿ ಆಡಲಾರದ ಪಂಚಮಿ ಹೆಂಗ ಆಗತೈತಿ?" ಅಂತ ಅವನಿಗೇ ಕೇಳತಿದ್ದ. ನಾರಾಯಣಗೂಡದ ಉಗುರಿನ ಕ್ಲಾಸಿನ ಚೀಟಿ ತಂದವನೂ ಅವನ. ಅಂಗಿ ಕಿಸೆದಾಗ ಮಡಚಿ ಇಟ್ಟು, ಎಣ್ಣಿ ಕಲಿ ಹತ್ತಿಸಿ ತಂದಿದ್ದ.

"ಕೊಂಡಾಪುರದ ಕಡೆ ಹುಡುಗ್ಯಾರು ಉಗುರಿಗೆ ಪಾಳಿ ಹಚ್ಚತಾರಂತ. ನಿನ್ನ ಕೈ ಸಣ್ಣ ಕೆಲಸಕ್ಕ ಚಲೋ ಐತಿ. ಯುಗಾದಿ ಆದಮ್ಯಾಲ ಹೆಸರು ಹಚ್ಚೂಣು."

ಯುಗಾದಿ ಆತು. ಹೆಸರು ಹಚ್ಚಲಿಲ್ಲ.

ಪ್ರೆಸ್ಸಿಗೆ ಎರಡು ಬಟನ್ ಇರತಾವ. ಎರಡೂ ಕೈಲೆ ಎರಡೂ ಒತ್ತಿದ್ರ ಮಾತ್ರ ಮ್ಯಾಲಿನ ಅಚ್ಚು ಕೆಳಗ ಇಳೀಬೇಕು, ಕೈ ಒಳಗ ಉಳೀಬಾರದಂತ. ಆದ್ರ ಹಂಗ ಮಾಡಿದ್ರ ಮಾಲು ಕಡಿಮಿ ಬೀಳತೈತಿ. ಅದಕ್ಕ ಒಂದು ಬಟನ್ನಿನ್ಯಾಗ ಕಟಿಗಿ ಚೂರು ತುರುಕಿ, ಒಂದ ಕೈಲೆ ಒತ್ತಿ, ಇನ್ನೊಂದು ಕೈಲೆ ಮುಚ್ಚಳ ತಗೀತಿದ್ರು. ಎಲ್ಲರಿಗೂ ಗೊತ್ತಿತ್ತು, ಯಾರೂ ಅನ್ನತಿರಲಿಲ್ಲ. ಬ್ಯಾಸಗಿ ಮಧ್ಯಾಹ್ನ, ತಗಡಿನ ಶೆಡ್ಡು ಕಾದ ಹಂಚಾಗಿತ್ತಂತ. ಬೆವರಿಗೆ ಕೈ ಜಾರೇತಿ. ಬಲಗೈಯಾಗಿನ ತೋರಬೆರಳು, ನಡುಬೆರಳು ಎರಡೂ ಮುಚ್ಚಳದ ಜೋಡಿ ಹೋದ್ವು. ದವಾಖಾನಿಯಿಂದ ಬಂದಮ್ಯಾಲ ಅವನ್ನ ಗೇಟಿನ ಮುಂದ ಕುರ್ಚಿ ಹಾಕಿ ಕೂಡಿಸಿದ್ರು, ಹೋಗೋರು ಬರೋರನ್ನ ನೋಡಕೋತ ಕೂಡು ಅಂತ. ಅವಗ ಗೊತ್ತು ಮಾಡಿದ್ದ ಹೆಣ್ಣಿನ ಕಡೆಯವರು ಒಂದು ಸಲ ಬಂದು ಚಾ ಕುಡದು ಹೋದ್ರು. ತಿರುಗಿ ಬರಲಿಲ್ಲ.

ಮೊದಲನೇ ಏಟು ಊಟದ ಮುಂದ ಬಿತ್ತು. ಉಳಿದ ಮೂರು ಬೆರಳಿಂದ ಅನ್ನ ಕಲಸಾಕ ಹೋಗಿ ಸಾರು ಎದಿಮ್ಯಾಲ ಚೆಲ್ಲಕೊಂಡ. ನಾನು ಏನೂ ವಿಚಾರ ಮಾಡಲಾರದ, "ತಾ ಅಣ್ಣಾ, ನಾ ಕಲಸಿ ಕೊಡತೀನಿ" ಅಂದೆ. ಗಂಗಾಳ ತಗೊಂಡು ನನ್ನ ಕಿವಿ ಮ್ಯಾಲ ಬೀಸಿದ. ಕಿವಿಯಾಗ ಗುಂಯ್ ಅಂತು, ಕಣ್ಣಿಗೆ ಸಾರು ಹೋತು. ಕಣ್ಣು ತಿಕ್ಕಕೋತ ಅವ್ವ ಎಲ್ಲಿ ಅಂತ ನೋಡತೀನಿ, ಅವ್ವ ನನ್ನ ಕಡೆ ಬರಲಿಲ್ಲ. ಅಡಗಿ ಮನಿಗೆ ಓಡಿಹೋಗಿ ಮಿಕ್ಸರ್ ಹಚ್ಚಿದ್ಲು. ಗರ್ರ್‌ಽ ಅಂತ ಮನಿ ತುಂಬಿತು. ಆ ಸಪ್ಪಳದಾಗ ಅಣ್ಣ ಇನ್ನೂ ಎರಡು ಹಾಕಿದ.

ಆಮ್ಯಾಲ ಅದ ರೂಢಿ ಆತು. ಅಣ್ಣನ ಕೈ ಎದ್ರ ಅವ್ವನ ಕೈ ಮಿಕ್ಸರಿಗೆ ಹೋಗತಿತ್ತು. ಬೈಗಳು ಬಿದ್ರ ಒಂದನೇ ನಂಬರ್, ಏಟು ಬಿದ್ರ ಮೂರನೇ ನಂಬರ್. ಪರಊರು, ಪರಭಾಷಿ, ಬಾಜೂ ಮನಿಗೆ ಕೇಳಿಸಿದ್ರ ಈ ಕನ್ನಡದ ಮಂದಿ ಹಿಂಗ ಅಂತಾರ, ನಾಳೆ ನಿನ್ನ ಯಾರು ಮಾಡಕೋತಾರ? ಇದು ಅವ್ವನ ಲೆಕ್ಕ. ಪಾಪ, ಹುಚ್ಚಿ. ಇವತ್ತಿಗೂ ಯಾರ ಮನ್ಯಾಗರೆ ಮಿಕ್ಸರ್ ಸುರು ಆದ್ರ ನನ್ನ ಕುತ್ತಿಗಿ ಹೆಗಲೊಳಗ ಇಳೀತೈತಿ. ಚಟ್ನಿಗೆ ಅಂತ ಗೊತ್ತಿದ್ರೂ ಇಳೀತೈತಿ.

ಬ್ಯಾಸಗಿ ಮುಗದು, ಮಿರಗಾ ಕೂಡಿ ಮಳಿ ಬಿತ್ತು. ನಾನು ಧೈರ್ಯ ಮಾಡಿ ಕ್ಲಾಸಿನ ಸುದ್ದಿ ತಗದೆ. ಅಣ್ಣ ಎದ್ದು ಬಂದು ಕೂದಲಾ ಹಿಡದು, ಎಡಗೈಗೆ ಸುತ್ತಕೊಂಡು ಕೇಳಿದ:

"ಊರ ಮಂದಿ ಬೆರಳು ಹಿಡಕೊಂಡು ಕೂಡಾಕ ಹೋಗತೀ ಏನು? ನನ್ನ ಬೆರಳು ಹೋಗ್ಯಾವ ಅಂತ ತೋರಸಾಕ ಹೋಗತೀ?"

ಮಿಕ್ಸರ್ ಮೂರನೇ ನಂಬರಿಗೆ ಹೋತು. ಗ್ವಾಡಿಗೆ ಹಣಿ ಎರಡು ಸಲ ಬಡೀತು. ಮರುದಿನ ಅವ್ವ ನನ್ನ ಹಣಿಗೆ ಅರಿಷಿಣ ಹಚ್ಚಕೋತ ಇನ್ನೊಂದು ಚೀಟಿ ತೋರಿಸಿದ್ಲು. ಯಾರಿಂದ ತಂದಿದ್ಲೋ ಏನೋ. ಮನ್ಯಾಗ ಕುಂತು ಕಲೀರಿ, ಸಾಮಾನು ಕೊರಿಯರಿನ್ಯಾಗ ಬರತೈತಿ, ಪಾಠ ಫೋನಿನ್ಯಾಗ, ಸರ್ಟಿಫಿಕೇಟ್ ಗ್ಯಾರಂಟಿ ಅಂತ ಇತ್ತು.

"ಮನ್ಯಾಗ ಕಲಿಯವ್ವಾ. ಅವನ ಕಣ್ಣ ಮುಂದ ಇದ್ರ ಅವನೂ ತಣ್ಣಗಾಗತಾನ. ಜಗಳಾ ತಪ್ಪತೈತಿ."

ನೋಡ್ರಿ, ಯಾರ ಮ್ಯಾಲೂ ನಾ ಹಾಕಂಗಿಲ್ಲ. ಹೂಂ ಅಂದಾಕಿ ನಾನ. ಮನ್ಯಾಗ ಇದ್ರ ಹೊಡತ ಕಡಿಮಿ ಆಗತಾವ ಅಂತ ನನಗೂ ಅನಿಸಿತ್ತು. ಹುಲಿಗೆ ಹೆದರಿ ಹುಲಿ ಗವಿಯಾಗ ಅಡಗಿ ಕುಂತಂಗಾತು ನನ್ನ ಬಾಳೆ.

ಡಬ್ಬಿ ಬಂತು. ಬಣ್ಣದ ಬಾಟ್ಲಿ, ಬ್ರಷ್ಷು, ಉಗುರು ಒಣಗಸೋ ಸಣ್ಣ ಲ್ಯಾಂಪ್, ಉಗುರು ತಿಕ್ಕೋ ಪೆನ್ನಿನಂಥಾ ಮಷೀನ್, ಆ ಲಿಕ್ವಿಡ್ ಬಾಟ್ಲಿ. ಎಲ್ಲಾದರ ಕೆಳಗ ಪ್ಲಾಸ್ಟಿಕ್ ಚೀಲದಾಗ ಒಂದು ಕೈ ಇತ್ತು. ರಬ್ಬರಿಂದು. ಟೇಬಲ್ ಅಂಚಿಗೆ ತಿರುಪು ಹಾಕಿ ನಿಲ್ಲಸೋದು, ಬೆರಳು ಬೇಕಾದಂಗ ಬಗ್ಗತಾವ, ತುದಿಗೆ ಪ್ಲಾಸ್ಟಿಕ್ ಉಗುರು ಸಿಗಸೋದು. ಬಲಗೈ. ನಾನು ಖುಷೀಲೆ ಕಿಟಕಿ ಹತ್ರ ಟೇಬಲ್ಲಿಗೆ ಅದನ್ನ ನಿಲ್ಲಿಸಿದೆ. ಅದು ಅಣ್ಣ ದಿನಾ ಚಾ ಕುಡಿಯೋ ಜಾಗ ಅನ್ನೋ ಖಬರೂ ಇರಲಿಲ್ಲ ನನಗ.

ಅಣ್ಣ ಗೇಟಿನ ಕೆಲಸ ಮುಗಿಸಿ ತೊಯಿಸಿಕೊಂಡು ಬಂದ. ಬಾಗಲದಾಗ ನಿಂತು ನೋಡಿದ. ಐದು ಬೆರಳಿನ ಬಲಗೈ, ಹಲೋ ಅಂದಂಗ ನಿಂತೈತಿ. ಹತ್ರ ಬಂದು, ಎಡಗೈಲೆ ಅದರ ತೋರಬೆರಳು ಹಿಡದು ತಿರುವಿದ. ಒಳಗಿನ ತಂತಿ ಕಿರ್ ಅಂತು. ತಿರುವಿ ತಿರುವಿ ಕಿತ್ತ. ಆಮ್ಯಾಲ ನಡುಬೆರಳು. ಎರಡನ್ನೂ ನನ್ನ ಮುಖದ ಮ್ಯಾಲ ಒಗದು, "ಈಗ ಕಲಿ" ಅಂದ. ಅವ್ವ ಒಳಗ ಮಿಕ್ಸರ್ ಹಚ್ಚಿಬಿಟ್ಟಿದ್ಲು, ಗಾಬ್ರಿಲೆ. ಅವತ್ತು ಏಟು ಬಿದ್ದಿದ್ದು ರಬ್ಬರಿಗೆ, ಆಕಿಗೇನು ಗೊತ್ತು.

ಕಲತೆ. ಮೂರು ಬೆರಳಿನ ರಬ್ಬರ್ ಕೈ ಮ್ಯಾಲ ಕಲತೆ. ಹೋಂವರ್ಕಿಗೆ ಐದು ಉಗುರಿನ ಫೋಟೋ ಕಳಿಸಬೇಕು. ಕಮ್ಮಿ ಬಿದ್ದ ಎರಡಕ್ಕ ನನ್ನ ಎಡಗೈ ಬೆರಳು ಬಾಜೂಕ ಹಚ್ಚಿ ಫೋಟೋ ಹೊಡದು ಕಳಸತಿದ್ದೆ. ಆ ಕಡೆಯವರು ಒಮ್ಮೆರೆ, ಇದೇನವಾ ಮೂರು ರಬ್ಬರ್ ಎರಡು ಖರೇವು ಅಂತ ಕೇಳಲಿಲ್ಲ. ಹತ್ತಕ್ಕ ಎಂಟು, ಹತ್ತಕ್ಕ ಒಂಬತ್ತು, ಮ್ಯಾಲೆತ್ತಿದ ಹೆಬ್ಬಟ್ಟಿನ ಚಿತ್ರ.

ಪಂಚಮಿ ಹಿಂದಿನ ದಿನ. ಅವ್ವ ಉಂಡಿಗೆ ಪುಠಾಣಿ ಹಿಟ್ಟು ಮಾಡಾಕತ್ತಿದ್ಲು. ಕೋರ್ಸಿನ ಆಫೀಸಿನಿಂದ ಯಾರೋ ಒಬ್ಬವ ಫೋನ್ ಮಾಡಿ, ಆರನೇ ಪಾಠ ಮುಗೀತೇನು ಮೇಡಂ ಅಂತ ಕೇಳಿದ. ಗಂಡಸಿನ ದನಿ. ಅಣ್ಣ ಪಡಸಾಲ್ಯಾಗ ಇದ್ದ. ಫೋನ್ ಕಸಗೊಂಡು ಗ್ವಾಡಿಗೆ ಒಗದ. "ಯಾಂವ ಅವ? ಯಾಂವ?" ಅಂತ ಕೇಳಕೋತ ಹೊಟ್ಟಿಗೆ ಒದ್ದ. ಬಿದ್ದಾಕಿನ್ನ ರಟ್ಟಿ ಹಿಡದು ಎಳಕೊಂಡು ಹೋಗಿ ನಮ್ಮಪ್ಪನ ಕಾಲದ ಕಬ್ಬಿಣದ ಅಲಮಾರಿ ಮುಂದ ನಿಲ್ಲಿಸಿದ. ನನ್ನ ಎಡಗೈ ಬಾಗಲದ ಸಂದ್ಯಾಗ ಇಟ್ಟ. ನನಗ ತಿಳಿಲೇ ಇಲ್ಲ ಏನು ಮಾಡತಾನ ಅಂತ. ಬಾಗಲಾ ಹಾಕಿದ. ಸುಮ್ಮನ ಅಲ್ಲ, ಹೆಗಲು ಕೊಟ್ಟು ಹಾಕಿದ.

ಉಳಿದ ಬೆರಳು ಜಗ್ಗಿಕೊಂಡೆ. ನಡುಬೆರಳು ಸಿಕ್ಕಿತು. ನಾ ಒದರಲಿಲ್ಲ. ಒದರಬಾರದು ಅನ್ನೋದು ಮೈಯಾಗ ಅಷ್ಟು ಹೊಕ್ಕಿತ್ತು, ತುಟಿ ಕಚ್ಚಿ ರಕ್ತ ನುಂಗಿದೆ. ಒಳಗ ಮಿಕ್ಸರ್ ಹೊಡಕೋತನ ಇತ್ತು.

ಮರುದಿನ ಪಂಚಮಿ. ತೊಲಿಗೆ ಯಾರೂ ಹಗ್ಗ ಕಟ್ಟಲಿಲ್ಲ. ಅವ್ವ ನಾಗಪ್ಪನ ಮುಂದ ಕೂಡಿಸಿ, "ಅಣ್ಣನ ಹೆಸರು ಹೇಳಿ ಹಾಲು ಹಾಕವ್ವಾ" ಅಂದಾಗ ಬಟ್ಟಿ ಸುತ್ತಿದ ಕೈಲೆ ಹಾಕಿದೆ. ಹಾಕಿದೆ ಖರೆ, ಬಾಯಾಗ ಬಂದದ್ದು ಹೆಸರಲ್ಲ, ಶಾಪ. ಸುಳ್ಳ್ಯಾಕ ಹೇಳಲಿ.

ಉಗುರು ಪೂರಾ ಕರ್ರಗಾತು, ಬುಡದಿಂದ ತುದಿತನಕ. ಬಾವು ಇಳದಮ್ಯಾಲ ಅದರ ಮ್ಯಾಲ ಕೆಂಪ ಬಣ್ಣ ಬಳದು, ಲ್ಯಾಂಪಿಗೆ ಒಣಗಿಸಿ, ಗಾಜು ಸೀಳಿದ ಫೋನಿಲೆ ಹೋಂವರ್ಕಿನ ಫೋಟೋ ಕಳಿಸಿದೆ. ಹತ್ತಕ್ಕ ಹತ್ತು ಬಂತು. ಕೋರ್ಸಿನ್ಯಾಗ ನನಗ ಬಂದ ಒಂದ ಹತ್ತು ಅದು, ಕರೀ ಉಗುರಿಗೆ. ಸರ್ಟಿಫಿಕೇಟೂ ಬಂತು, ಬಂಗಾರದ ಅಂಚಿನ್ದು. ಅವತ್ತು ಅದನ್ನ ಹರದು ಒಲಿಗೆ ಹಾಕಬೇಕು ಅನಿಸಿತ್ತು. ಹಾಕಲಿಲ್ಲ. ನವರಾತ್ರಿ ಸುರು ಆದಮ್ಯಾಲ ಅದನ್ನ ಚೀಲದಾಗ ಇಟಗೊಂಡು, ಅಣ್ಣ ಗೇಟಿಗೆ ಹೋದ ಹಿಂದ ನಾರಾಯಣಗೂಡದ ಬಸ್ ಹತ್ತಿದೆ. ಅವ್ವ ಬಾಗಲಾ ಹಿಡಕೊಂಡು, "ನಾಕರೊಳಗ ಬಾ. ಕೇಳಿದ್ರ ದವಾಖಾನಿಗೆ ಹೋಗ್ಯಾಳ ಅಂತೀನಿ" ಅಂದ್ಲು. ಆಕಿ ಅವತ್ತು ಅಷ್ಟು ಮಾಡಿದ್ಲು. ಅದನ್ನ ನಾ ಮರೀಬಾರದು.

ಆ ಕ್ಲಾಸ್ ನಡಸಾಕಿ ನಸೀಮ್ ಆಪಾ. ದಪ್ಪನ್ನ ಹೆಂಗಸು, ಕನ್ನಡಕ ಮೂಗಿನ ತುದಿಗೆ, ಬಾಯಾಗ ಸದಾ ಬೈಗಳ. ನನ್ನ ಸರ್ಟಿಫಿಕೇಟ್ ನೋಡಿ ಬಾಜೂಕ ಇಟ್ಟು, ತನ್ನ ಕೈ ಚಾಚಿ, "ಕರ್ ಕೇ ದಿಖಾ" ಅಂದ್ಲು. ಮಾಡಿ ತೋರಸು. ನಾನು ಮಷೀನ್ ಹಿಡದು ಆಕಿ ಉಗುರು ತಿಕ್ಕಾಕತ್ತಿದೆ. ಒಂದ ಕಡೆ ತಿಕ್ಕಿದ್ರ ಉಗುರು ಕಾಯತೈತಿ, ಅದು ಪುಸ್ತಕದಾಗ ಓದಿದ್ದೆ. ಓದೋದು ಬ್ಯಾರೆ.

"ಹಾಯ್ ಅಲ್ಲಾ! ಜಲ್ ರೈ ನಾ! ರುಕ್!"

ಸುಡಾಕತ್ತೈತಿ ನಿಲ್ಲಸು ಅಂತ ಆಕಿ ಒದರಿದ್ರೂ ನನ್ನ ಕೈ ನಿಲ್ಲಲಿಲ್ಲ. ಅದೇನು ಹಟ ಅಲ್ಲ. ಕೈ ಅನ್ನೋದು ಒದರತೈತಿ ಅಂತ ನನಗ ಗೊತ್ತೇ ಇರಲಿಲ್ಲ. ರಬ್ಬರ್ ಕೈ ಯಾವತ್ತೂ ಹಾಯ್ ಅಂದಿರಲಿಲ್ಲ, ಬೆರಳು ಕಿತ್ತಾಗೂ ಅಂದಿರಲಿಲ್ಲ. ಆಪಾ ಕೈ ಕಸಗೊಂಡು ನನಗ ಕಪಾಳಕ್ಕ ಬಾರಸತಾಳ ಅನ್ಕೊಂಡೆ, ತಲಿ ಹೆಗಲೊಳಗ ಇಳೀತು, ಮುಖಕ್ಕ ಕೈ ಅಡ್ಡ ಬಂತು. ಆಪಾ ಅಡ್ಡ ಬಂದ ನನ್ನ ಕೈ ಹಿಡದು, ಆ ಕೆಂಪು ಉಗುರಿಗೆ ಬಣ್ಣ ಬಿಡಸೋ ಅಸಿಟೋನ್ ಹತ್ತಿ ಇಟ್ಟು, ಬೆಳ್ಳಿ ಹಾಳಿ ಸುತ್ತಿದ್ಲು. ಹತ್ತು ನಿಮಿಷ ಬಿಟ್ಟು ಬಿಚ್ಚಿದಾಗ ಬಣ್ಣ ಎದ್ದು ಬಂತು, ಕೆಳಗ ಕರೀದು ಕಂಡಿತು. ಬುಡದಾಗ ಮಾತ್ರ ಕಡ್ಲಿ ಬ್ಯಾಳಿ ಅಗಲ ಹೊಸಾ ಉಗುರು ಬಂದಿತ್ತು.

ಆಪಾ ಆ ಬಿಳೀದನ್ನ ಕಡ್ಡೀಲೆ ಅಳದು ಅಂದ್ಲು, "ದೋ ಮಹಿನೇ. ದರವಾಜಾ?"

ಎರಡು ತಿಂಗಳಾತು, ಬಾಗಲಾ ಏನು ಅಂತ. ಉಗುರಿನ ಕೆಲಸದವರಿಗೆ ಇದು ಗೊತ್ತಿರತೈತ್ರಿ. ಉಗುರು ಬುಡದಿಂದ ತುದಿಗೆ ಬರಾಕ ಐದಾರು ತಿಂಗಳಾ ಬೇಕು; ಏಟಿನ ಕಲಿ ಎಲ್ಲಿಗೆ ಬಂದೈತಿ ನೋಡಿದ್ರ ಏಟು ಯಾವಾಗ ಬಿತ್ತು ಅಂತ ತಿಳೀತೈತಿ. ಎರಡು ತಿಂಗಳ ನಾ ಫೋಟೋದಾಗ ಮುಚ್ಚಿದ್ದನ್ನ ಆಕಿ ಒಂದ ಸಲಕ್ಕ ಓದಿದ್ಲು.

"ಅಲಮಾರಿ" ಅಂದೆ. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮ್ಯಾಲ ಅಂತ ಗೊತ್ತಾಗಲಿಲ್ಲ.

ಅಣ್ಣಗ ತಿಳೀದಂಗ ದಿನಾ ಹೋಗಾಕತ್ತಿದೆ. ಆಪಾನ ಕ್ಲಾಸಿನ್ಯಾಗ ರಬ್ಬರ್ ಕೈ ಇರಲಿಲ್ಲ. ಇಬ್ಬಿಬ್ಬರು ಎದುರಾ ಬದುರಾ ಕುಂತು ಒಬ್ಬರ ಉಗುರು ಒಬ್ಬರು ತಿಕ್ಕೋದು. ಎರಡ ರೂಲು. ಏಟು ಬಿದ್ದ ಉಗುರಿಗೆ ಬಣ್ಣ ಹಚ್ಚಬಾರದು, ಗಾಳಿ ಆಡಬೇಕು. ಇನ್ನೊಂದು, ಬಿಸಿ ಆದ್ರ ಕೂಡಲೇ ಬಾಯಿ ಬಿಟ್ಟು ಹೇಳಬೇಕು. ಹೇಳಲಾರದಾಕಿಗೆ ಅವತ್ತು ಚಾ ಇಲ್ಲ. ನನ್ನ ಎದುರಿನ ಹುಡುಗಿ ಮಷೀನ್ ಒತ್ತಿದ್ರೂ ನಾ ಹಲ್ಲು ಕಚ್ಚಿ ಕೂಡತಿದ್ದೆ. ಆಪಾ ಬಂದು ಟೇಬಲ್ ಗುದ್ದತಿದ್ಲು: "ಮೂ ಮೇ ಜಬಾನ್ ನೈ ಕ್ಯಾ? ದುಖ್ತಾ ತೋ ಬೋಲ್!" ನೋವಾದ್ರ ಹೇಳು, ಬಾಯಾಗ ನಾಲಗಿ ಇಲ್ಲೇನು ಅಂತ. ಎಂಟು ದಿನ ನನಗ ಚಾ ಸಿಗಲಿಲ್ಲ. ಒಂಬತ್ತನೇ ದಿನ, "ಯವ್ವಾ! ಸುಡಾಕತ್ತೈತಿ!" ಅಂತ ಒದರಿಬಿಟ್ಟೆ, ಕೆಳಗಿನ ಎಂಜಿನಿಯರಿಂಗ್ ಹುಡುಗರಿಗೂ ಕೇಳಿಸಿರಬೇಕು. ಹುಡುಗ್ಯಾರು ಬಿದ್ದು ಬಿದ್ದು ನಕ್ರು. ಆಪಾ ಎರಡು ಕಪ್ ಚಾ ತರಿಸಿ ಎರಡೂ ನನಗ ಕೊಟ್ಲು.

ಮನ್ಯಾಗ ಆ ಉಗುರಿಗೆ ಬಣ್ಣ ಹಚ್ಚೋದು ಬಿಟ್ಟೆ. ಊಟಕ್ಕ ಕುಂತಾಗ ಅಣ್ಣನ ಎದುರಿಗೆ ಅದು ಇರತಿತ್ತು. ರೊಟ್ಟಿ ನೀಡಿದ್ರ ಅದು, ನೀರು ಕೊಟ್ರ ಅದು. ಅಣ್ಣ ನೋಡತಿದ್ದ, ಮುಖ ತಿರುವತಿದ್ದ. ನನಗ ಒಳಗ ಸಮಾಧಾನ ಆಗತಿತ್ತು. ನೋಡು, ನೋಡು, ಅನ್ಕೋತಿದ್ದೆ.

ದೀಪಾವಳಿ ಬಂತು. ನಮ್ಮ ಕಡೆ ಮುಂಜಾನೆ ಗಂಡಸರಿಗೆ ಎಣ್ಣಿ ಹಚ್ಚಿ ಎರದು ಆರತಿ ಬೆಳಗತಾರ. ಅಣ್ಣ ಹೊಸಾ ಅಂಗಿ ಹಾಕ್ಕೊಂಡು ಕಟಿಗಿ ಮಣಿ ಮ್ಯಾಲ ಕುಂತ. ನಾ ಆರತಿ ತಾಟು ಹಿಡದು ನಿಂತೆ. ತಾಟಿನ ಅಂಚಿನ ಮ್ಯಾಲ, ದೀಪದ ಬಾಜೂಕ, ಆ ಉಗುರು. ಅರ್ಧಾ ಬಿಳೀದು, ಅರ್ಧಾ ಕರೀದು. ಅವ ಅದನ್ನ ನೋಡಿದ.

"ಮುಚ್ಚು ಅದನ್ನ."

ನಾ ಆರತಿ ಬೆಳಗಿದೆ.

"ಮುಚ್ಚಂದ್ರ ಮುಚ್ಚಬೇಕು! ಬಣ್ಣ ಬಳೀತೀ ಇಲ್ಲೋ ಆ ರಬ್ಬರ್ ಕೈಗೆ? ಬಳಕೋ!"

"ಏಟಿನ ಉಗುರಿಗೆ ಬಣ್ಣ ಹಚ್ಚಬಾರದು. ಕ್ಲಾಸಿನ್ಯಾಗ ಹೇಳ್ಯಾರ."

ಕ್ಲಾಸು ಅನ್ನೋ ಮಾತು ಬಾಯಿಂದ ಹೋಗಿಬಿಟ್ಟಿತ್ತು. ಒದ್ದ ಒದಿಕಿಗೆ ತಾಟು ಹಾರಿ ಗ್ವಾಡಿಗೆ ಬಡದು, ಎಣ್ಣಿ, ಕುಂಕುಮ, ಬತ್ತಿ ಎಲ್ಲಾ ಸಿಡದ್ವು. ಕುತ್ತಿಗಿ ಹಿಡದು ನೆಲಕ್ಕ ಕೆಡವಿದ. ಬೆನ್ನ ಮ್ಯಾಲ ಮೊಣಕಾಲು ಕೊಟ್ಟು, ಮೂರು ಬೆರಳಿನ ಮುಷ್ಟೀಲೆ ಗುದ್ದಿದ, ಪಕ್ಕಡಿಗೆ, ಕಿವಿಗೆ, ಎಲ್ಲಿ ಬಿತ್ತೋ ಅಲ್ಲಿಗೆ. ನನ್ನ ಹಲ್ಲೊಂದು ಅಲಗಾಡಿತು. ಒಳಗ ಮಿಕ್ಸರ್ ಸುರು ಆತು. ಕಾಲು ಹಿಡದು ಅಲಮಾರಿ ಕಡೆ ಎಳದ. ಬಾಗಲಾ ತಗದ. ನನ್ನ ಎಡಗೈ ಎತ್ತಿದ. ಆಗ ತಿಳೀತು, ಈ ಸಲ ಉಗುರಲ್ಲ, ಬೆರಳ ಹೋಗತಾವ, ಅವನ ಬೆರಳು ಹೋದಂಗ. ನನ್ನ ಬದುಕೆಲ್ಲಾ ಆ ಕೈಯಾಗ ಇತ್ತು.

ಒದರಿದೆ. "ನೋವಾಗತೈತಿ! ಯವ್ವಾ, ನೋವಾಗತೈತಿ! ನನ್ನ ಕೈ! ನನ್ನ ಕೈ!" ಒಂಬತ್ತು ದಿನ ಕಲತ ಬಾಯಿ ಅದು. ಆದ್ರ ಮಿಕ್ಸರಿನ ಸಪ್ಪಳದಾಗ ನನ್ನ ದನಿ ನನಗ ಕೇಳಸತಿರಲಿಲ್ಲ. ಬಾಗಲ ಅಂಚು ಬೆರಳಿಗೆ ತಾಕಿತು.

ಅಷ್ಟರಾಗ ಮಿಕ್ಸರ್ ನಿಂತಿತು.

ಕರೆಂಟ್ ಹೋತೇನೋ ಅನ್ಕೊಂಡೆ. ಫ್ಯಾನ್ ತಿರಗಾಕತ್ತಿತ್ತು. ಅಡಗಿ ಮನಿ ಬಾಗಲದಾಗ ಅವ್ವ ನಿಂತಿದ್ಲು, ಕೈಯಾಗ ಕಿತ್ತ ಮಿಕ್ಸರ್ ಪಿನ್ನು. ಹಿಂದ ಕಟ್ಟಿ ಮ್ಯಾಲ ಮಿಕ್ಸರಿನ ಭಾಂಡಿ ಕಂಡಿತು. ಅದರಾಗ ಏನೂ ಇರಲಿಲ್ಲ. ಇಷ್ಟು ತಿಂಗಳು ಖಾಲಿ ಭಾಂಡಿ ತಿರುವಿದ್ಲು. ಈಗ ಮನ್ಯಾಗ ಇದ್ದದ್ದು ನನ್ನ ದನಿ ಒಂದ. ಅದು ಕಿಟಕಿ ದಾಟಿ ಓಣಿಗೆ ಹೋತು. ಪಟಾಕಿ ಹೊಡ್ಯಾಕತ್ತಿದ್ದ ಹುಡುಗರು ಸುಮ್ಮನಾದ್ರು. ಬಾಜೂ ಮನಿ ಪದ್ಮಮ್ಮ ಬಾಗಲಾ ಬಡಕೋತ, "ಏಮೈಂದಿ ವದಿನಾ? ಏಮೈಂದಿ?" ಅನ್ನಾಕತ್ತಿದ್ಲು, ಏನಾತು ವೈನಿ ಅಂತ.

ಇಪ್ಪತ್ತು ವರ್ಷ ಈ ಊರಾಗ ಇದ್ರೂ ಅವ್ವ ತೆಲುಗು ಮಾತಾಡಾಕ ನಾಚತಿದ್ಲು. ಅವತ್ತು ಚಿಲಕಾ ತಗದು, ಬಾಗಲಾ ಪೂರಾ ತಗದು, ನಡು ಓಣಿಗೆ ಕೇಳೋ ಹಂಗ ಒದರಿದ್ಲು: "ನಾ ಕೊಡುಕು ನಾ ಬಿಡ್ಡನಿ ಕೊಡ್ತುಂಡು! ಸಂಪುತುಂಡು! ರಾಂಡ್ರಿ!" ನನ್ನ ಮಗ ನನ್ನ ಮಗಳನ್ನ ಹೊಡ್ಯಾಕತ್ತಾನ, ಕೊಲ್ಲಾಕತ್ತಾನ, ಬರ್ರಿ.

ಬಂದ್ರು. ಅಣ್ಣ ಕೈ ಬಿಟ್ಟ. ಅಷ್ಟು ಮಂದಿ ನೋಡಿದ ಕೂಡಲೇ ಬಲಗೈ ಹಿಂದ ಅಡಗಿಸಿದ, ಅದ ಅವಗ ಮೊದಲ ನೆನಪಾತು. ಅವ್ವ ಅವನ ಅಂಗಿ ಪಾಂಟು ಒಂದು ಚೀಲದಾಗ ತುಂಬಿ ಹೊಸ್ತಲದಾಗ ಇಟ್ಲು. "ನಿನ್ನ ಬೆರಳು ನಾ ತಿಂದಿಲ್ಲಪ್ಪಾ, ಆಕಿನೂ ತಿಂದಿಲ್ಲ. ನಡಿ" ಅಂದ್ಲು. ಅವ ನನ್ನ ಕಡೆ ನೋಡಲಾರದ ಚೀಲ ಎತಗೊಂಡು ಹೋದ.

ಈಗ ಕಾರ್ಖಾನಿ ಹತ್ರ ಒಂದು ಖೋಲಿಯಾಗ ಅದಾನಂತ. ಪಂಚಮಿ ದಿನ ಬಂದು ಹೊರಗ ನಿಲ್ಲತಾನ. ಅವ್ವ ಉಂಡಿ ಕಟ್ಟಿ ಕೊಡತಾಳ. ನಾ ಹೊರಗ ಬರಂಗಿಲ್ಲ. ಮಾಫ್ ಮಾಡು, ಒಂದ ರಕ್ತ ಅಂತಾರ ಮಂದಿ. ಜೋಕಾಲಿ ಕಟ್ಟಿದ ಅಣ್ಣ ನೆನಪಾಗತಾನ, ಅವನ ಬೆರಳಿಗೂ ನಾ ಅತ್ತೀನಿ. ಆದ್ರ ಮಾಫ್ ಮಾಡಿಲ್ಲ. ಮಾಡಂಗೂ ಇಲ್ಲ. ಆ ವರ್ಷದ ಸಂಕ್ರಾಂತಿ ಮುಂಜಾನೆ ಆ ಕರೀದು ಉಗುರಿನ ತುದಿಗೆ ಬಂದಿತ್ತು, ಎಳ್ಳಿನಷ್ಟು. ಉಗುರಕಟ್ಟರಿಲೆ ಕಟ್ ಅನಿಸಿ ಕಿಟಕಿ ಹೊರಗ ಒಗದೆ. ಹೊಸಾ ಉಗುರಿನ ನಡುವ ಒಂದು ಗೆರಿ ಉಳದೈತಿ, ಅದು ಹೋಗಂಗಿಲ್ಲಂತ.

ಆಪಾಗ ಕಣ್ಣು ಮಂಜಾದಮ್ಯಾಲ ಕ್ಲಾಸ್ ನನ್ನ ಕೈಗೆ ಕೊಟ್ಲು. ಇಲ್ಲೂ ರಬ್ಬರ್ ಕೈ ಇಲ್ಲ. ಅವ್ವನ ಕೈ ಐತಿ. ಹೊಸಾ ಹುಡುಗ್ಯಾರು ಮೊದಲ ಮಷೀನ್ ಹಿಡಿಯೋದು ನಮ್ಮವ್ವನ ಉಗುರಿನ ಮ್ಯಾಲ. ಆಕಿನ ಹಟ ಮಾಡಿ ಆ ಕುರ್ಚಿ ಹಿಡದಾಕಿ. ಒಂದು ಚೂರು ಬಿಸಿ ತಾಕಿದ್ರ ಸಾಕು, ಮಾಳಗಿ ಹಾರೋ ಹಂಗ ಒದರತಾಳ. ಯಾಕಬೇ ಇಷ್ಟು ಅಂದ್ರ, "ಇರಲಿ ಬಿಡು, ಹಿಂದಿನದೂ ಸೇರಿಸಿ ಒದರತೀನಿ" ಅಂತಾಳ.

ಮೊನ್ನೆ ಮಂಗಳವಾರ ಆ ತಾಯಿಗೆ ನಾ ಇನ್ನೂ ಉತ್ತರಾ ಹೇಳಿರಲಿಲ್ಲ. "ಕೈ ತೋರಸವ್ವಾ" ಅಂತ ಹುಡುಗಿಗೆ ಅಂದೆ. ದುಪಟ್ಟಾದಿಂದ ಕೈ ಬಂತು. ಹೆಬ್ಬೆರಳಿನ ಉಗುರು ಕರೀದು, ಬುಡದಾಗ ದಾರದಷ್ಟು ಬಿಳೀದು. ಮೂರು ವಾರ ಆಗಿರಬೇಕು.

"ಬಾಗಲಾ ಬಡಕೊಂತ್ರಿ, ಗಾಳಿಗೆ" ಅಂದ್ಲು ತಾಯಿ, ಭಾಳ ಲಗೂನ.

ನಾ ಬಾಯಿ ತಗಿಯೂದ್ರಾಗ ಅವ್ವ ಕುರ್ಚಿಯಿಂದ ಎದ್ದು ಬಂದ್ಲು. ಆ ತಾಯಿ ಎದುರಿಗೆ ಕುಂತು, ಆಕಿ ಕೈ ತನ್ನ ಕೈಯಾಗ ತಗೊಂಡು, ಮೆಲ್ಲಕ ಕೇಳಿದ್ಲು:

"ತಂಗೀ, ಬಾಗಲಾ ಬಡಕೊಂಡಾಗ ನೀ ಮಿಕ್ಸರ್ ಹಚ್ಚಿದ್ದೇನು?"

ಹಿಂದಿನ ಟೇಬಲ್ಲಿನ ಹುಡುಗ್ಯಾರು ಮಷೀನ್ ಬಂದ್ ಮಾಡಿದ್ರು. ಆಕಿ ಮಗಳ ಕಡೆ ನೋಡಲಿಲ್ಲ, ನನ್ನ ಕಡೆನೂ ನೋಡಲಿಲ್ಲ.

"ಮಿಕ್ಸರ್ ಅಲ್ಲರಿ" ಅಂದ್ಲು. "ನಮ್ಮನ್ಯಾಗ ಟಿವಿ."